ಎಣಿಸಲಾಗದಷ್ಟು ಮುಯ್ಯಿ

ತೋಯ್ ಅಕ್ಕನನ್ನು ಚುನಾವಣೆಯಿಂದ ಹೊರಗೆ ದಬ್ಬಲು ಅವರಿಗೆ ಕೊನೆಗೂ ಸಿಕ್ಕಿದ್ದು ನನ್ನ ಅಮ್ಮನ ಸಾವಿನ ಬಟ್ಟಲುಗಳು. ಜನ ಗಂಜಿ ಕುಡಿದು ಬಿಟ್ಟುಹೋದ ಎಂಜಲು ಬಟ್ಟಲುಗಳು.

ಅದಕ್ಕೂ ಮುಂಚೆ ಅಧಿಕಾರದಲ್ಲಿದ್ದವರು ಬೇರೆ ಎಲ್ಲವನ್ನೂ ಮಾಡಿ ನೋಡಿದ್ದರು. ಅವಳು ಸೇರಿದ ಮೊದಲ ಪಕ್ಷವನ್ನು ಕೋರ್ಟು ವಿಸರ್ಜಿಸಿತು. ಅದೇ ಜನ ಬೇರೆ ಹೆಸರಿಟ್ಟುಕೊಂಡು ಎದ್ದು ನಿಂತರು. ಪಕ್ಷದ ನಾಯಕರು ವರ್ಷಗಟ್ಟಲೆ ರಾಜಕೀಯದ ಮಾತೆತ್ತಬಾರದು ಎಂದು ತೀರ್ಪು ಬಂತು. ಉಳಿದವರು ತೋಯ್ ಅಕ್ಕನಂಥವರು, ಹೆಸರಿಲ್ಲದವರು. ಸೇತುವೆಯ ಮೇಲೆ ಘೋಷಣೆಯ ಹಲಗೆ ಹಿಡಿದು ನಿಂತಿದ್ದಕ್ಕೆ ಅವಳ ಮೇಲೆ ಒಂದು ಕೇಸು. ಅನುಮತಿಯಿಲ್ಲದೆ ಮೈಕು ಹಿಡಿದಿದ್ದಕ್ಕೆ ಇನ್ನೊಂದು. ಅದೇ ಮೈಕಿನ ಸದ್ದು ಜೋರಾಗಿತ್ತು ಎಂದು ಮತ್ತೊಂದು. ಬೇರೆ ಹೆಂಗಸರು ಸಂತೆಗೆ ಹೋದ ಹಾಗೆ ಅವಳು ಪೊಲೀಸ್ ಠಾಣೆಗೆ ಹೋಗಿ ಸಹಿ ಮಾಡಿ ಬರುತ್ತಿದ್ದಳು. ಆದರೂ ಪಾರ್ಲಿಮೆಂಟಿಗೆ ನಿಂತಳು. ಮತಚೀಟಿಯಲ್ಲಿ ಅವಳ ನಂಬರು ಏಳು.

ನಂಬರು ಎರಡು ತನಪತ್. ಸಿಯಾ ಹುಯ್‌ನ ತಮ್ಮನ ಮಗ. ಸಿಯಾ ಎಂದರೆ ನಮ್ಮಲ್ಲಿ ದುಡ್ಡಿನ ಧಣಿ. ದೋಣಿಕಟ್ಟೆ ಅವನದು, ಐಸಿನ ಕಾರ್ಖಾನೆ ಅವನದು, ನಾವು ಕೆಲಸ ಮಾಡುವ ಮೀನಿನ ಷೆಡ್ಡೂ ಅವನದು.

ಆ ಷೆಡ್ಡಿನಲ್ಲಿ ನಾವು ಬಂಗುಡೆಯ ಕತ್ತು ಮುರಿಯುತ್ತೇವೆ. ಬೇಯಿಸುವ ಬಿದಿರ ಬುಟ್ಟಿ ಚಿಕ್ಕದು, ಮೀನು ಉದ್ದ. ಮೀನಿಗಾಗಿ ಬುಟ್ಟಿಯನ್ನು ದೊಡ್ಡದು ಮಾಡಬೇಕೆಂದು ಯಾರಿಗೂ ಅನಿಸಲಿಲ್ಲ. ಎಡಗೈಯಲ್ಲಿ ಮೈ ಹಿಡಿದು, ಬಲಗೈ ಹೆಬ್ಬೆರಳಿನಿಂದ ತಲೆಯನ್ನು ಎದೆಯ ಕಡೆಗೆ ಒತ್ತಬೇಕು. ಟಕ್ ಎನ್ನುತ್ತದೆ. ಆಮೇಲೆ ಅದು ಬುಟ್ಟಿಯಲ್ಲಿ ತಲೆ ತಗ್ಗಿಸಿ ಕೂರುತ್ತದೆ. ಹಾಗೆ ಕೂತ ಮೀನಿಗೇ ಪೇಟೆಯಲ್ಲಿ ಬೆಲೆ. ನಾನು ಶಾಲೆ ಬಿಟ್ಟ ವರ್ಷದಿಂದ ಅಮ್ಮನ ಪಕ್ಕದಲ್ಲಿ ಕೂತು ಇದೇ ಮಾಡಿದ್ದೇನೆ. ಉಪ್ಪುನೀರು ಚರ್ಮವನ್ನು ತಿನ್ನುತ್ತದೆ. ಈಜುರೆಕ್ಕೆಯ ಮುಳ್ಳು ಉಗುರಿನ ಸಂದಿಗೆ ಹೋಗುತ್ತದೆ.

ಗಂಟೆ ಹೊಡೆದ ಮೇಲೆ ಕೂಲಿ ನಿಲ್ಲುತ್ತದೆ. ಕೆಲಸ ನಿಲ್ಲುವುದಿಲ್ಲ. ಬುಟ್ಟಿಗಳನ್ನೂ ಉಪ್ಪಿನ ಕಡಾಯಿಗಳನ್ನೂ ಉಜ್ಜಿ ತೊಳೆದಿಟ್ಟು ಹೋಗಬೇಕು. ಇದಕ್ಕೆ ದುಡ್ಡಿಲ್ಲವೇ ಎಂದು ಒಮ್ಮೆ ಸಮ್ರುಯ್ ಕೇಳಿದಳು. ಸಮ್ರುಯ್ ನನ್ನ ಎದುರಿಗೆ ಕೂರುವವಳು, ಬಾಯಿ ಜೋರು. ಸಿಯಾ ನಕ್ಕುಬಿಟ್ಟಿದ್ದ. "ಇದು ಕೆಲಸ ಅಲ್ಲಮ್ಮ, ಎದೆನೀರು. ನಾವೆಲ್ಲ ಒಂದೇ ಮನೆಯೋರು ಅಲ್ವಾ?" ನಮ್ಮ ಕಡೆ ದೊಡ್ಡ ಮನಸ್ಸಿಗೆ ಎದೆನೀರು ಅನ್ನುತ್ತಾರೆ. ಅವನು ಹೋದ ಮೇಲೆ ಸಮ್ರುಯ್ ಬುಟ್ಟಿ ಉಜ್ಜುತ್ತಾ, "ನನ್ನೆದೇಲಿದ್ದ ನೀರೆಲ್ಲ ಇವನ ಕಡಾಯಿಗೇ ಹೋಯ್ತು ಕಣೇ" ಅಂದಳು. ನಾವು ನಕ್ಕೆವು. ನಕ್ಕು ತೊಳೆದೆವು.

ಮಳೆಗಾಲ ಮುಗಿಯುವಾಗ ಅಮ್ಮನ ಹೆಬ್ಬೆರಳಿಗೆ ಮುಳ್ಳು ಹೋಯಿತು. ಬೆರಳು ಬದನೆಕಾಯಿಯಾಯಿತು. ತೋಯ್ ಅಕ್ಕ ಆಗಿನ್ನೂ ಊರ ಆರೋಗ್ಯ ಕೇಂದ್ರದ ನರ್ಸು. ಕೀವು ತೆಗೆದು ಕಟ್ಟು ಹಾಕಿ, "ಲಮಯ್ ಅಕ್ಕ, ಈ ಕೈ ಉಪ್ಪುನೀರಿಗೆ ಇಳೀಬಾರದು. ಮನೇಲಿರಬೇಕು" ಅಂದಳು. ಮನೆಯಲ್ಲಿದ್ದರೆ ಕೂಲಿಯಿಲ್ಲ. ಅಮ್ಮ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ವಿಷ ಮೊದಲು ತೋಳಿಗೆ ಏರಿತು, ಆಮೇಲೆ ರಕ್ತಕ್ಕೆ. ಮೊದಮೊದಲು ನಮ್ಮಂಥವರ ಕೈ ನೋಡಿ ಅಳುತ್ತಿದ್ದ ತೋಯ್ ಅಕ್ಕ ಆಮೇಲೆ ಬೈಯುವುದಕ್ಕೆ ಶುರು ಮಾಡಿದಳು. ಅದುವರೆಗೆ ರಜೆಯ ದಿನಗಳಲ್ಲಿ ಪಕ್ಷದ ಕೆಲಸ ಮಾಡುತ್ತಿದ್ದವಳು, ಅಮ್ಮ ಹಾಸಿಗೆ ಹಿಡಿದ ವಾರ ನರ್ಸಿನ ಕೆಲಸವನ್ನೇ ಬಿಟ್ಟು ಚುನಾವಣೆಗೆ ನಿಲ್ಲುತ್ತೇನೆ ಅಂದಳು. ಹುಷಾರಿಲ್ಲದ ದಿನಕ್ಕೂ ಕೂಲಿ ಕೊಡಬೇಕು, ಗಂಟೆಯ ನಂತರದ ಕೆಲಸಕ್ಕೂ ಕೊಡಬೇಕು, ಕೊಡದವನನ್ನು ಜೈಲಿಗೆ ಹಾಕುವ ಕಾನೂನು ಬೇಕು. ಮೀನುಮಾರುಕಟ್ಟೆಯಲ್ಲಿ ಪ್ಲಾಸ್ಟಿಕ್ ಕ್ರೇಟಿನ ಮೇಲೆ ನಿಂತು ಅವಳು ಹೇಳುತ್ತಿದ್ದುದು ಇಷ್ಟೇ. ಇಷ್ಟಕ್ಕೇ ಅವರಿಗೆ ನಿದ್ದೆ ಬರಲಿಲ್ಲ.

ಚುನಾವಣೆ ಘೋಷಣೆಯಾದ ಮೇಲೆ ಅಮ್ಮ ಸತ್ತಳು.

ವಿಹಾರದ ಮಂಟಪದಲ್ಲಿ ಶವಪೆಟ್ಟಿಗೆ ಇಟ್ಟಿದ್ದೆವು. ಸಂಜೆ ಭಿಕ್ಕುಗಳು ಬಂದು ಪಠಿಸುತ್ತಿದ್ದರು. ಪೆಟ್ಟಿಗೆಯ ಸುತ್ತ ಹೂವಿಗಿಂತ ಹೆಚ್ಚು ಫ್ಯಾನು. ಈಗ ಸಾವಿಗೆ ಹೂಹಾರದ ಬದಲು ಫ್ಯಾನು ಕೊಡುವುದೇ ರೂಢಿ. ಹೂವು ಬಾಡುತ್ತದೆ, ಫ್ಯಾನು ಆಮೇಲೆ ವಿಹಾರಕ್ಕೆ ಉಳಿಯುತ್ತದೆ. ಸಿಯಾ ಹುಯ್ ಕಳಿಸಿದವು ಆಳೆತ್ತರದವು. ಅವಕ್ಕೆ ಅಡ್ಡಲಾಗಿ ರೇಷ್ಮೆ ಪಟ್ಟಿ, ಪಟ್ಟಿಯ ಮೇಲೆ ಬಂಗಾರದ ಅಕ್ಷರದಲ್ಲಿ ಅವರ ಮನೆತನದ ಹೆಸರು. ಗಾಳಿಗೆ ಆ ಹೆಸರು ಪಟಪಟ ಹೊಡೆದುಕೊಳ್ಳುತ್ತಿತ್ತು. ಬದುಕಿದ್ದಾಗ ಅಮ್ಮ ಷೆಡ್ಡಿಗೆ ಒಂದೇ ಒಂದು ಫ್ಯಾನು ಕೇಳಿದ್ದಳು. ಹಬೆಗೆ ತಲೆ ಸುತ್ತುತ್ತದೆ ಎಂದು. ಗಾಳಿಗೆ ಮೀನು ಒಣಗುತ್ತದೆ ಎಂದು ಅವರು ಕೊಡಲಿಲ್ಲ.

ತೋಯ್ ಅಕ್ಕ ಕಪ್ಪು ಬಟ್ಟೆಯಲ್ಲಿ ಬರಿಗೈಯಲ್ಲಿ ಬಂದಳು. ಅಮ್ಮನ ತಾಯಿ, ನಮ್ಮ ಅಜ್ಜಿಯ ಮುಂದೆ ಮಂಡಿಯೂರಿ ಕೈ ಮುಗಿದಳು.

"ಅಜ್ಜಿ, ನಾನು ಲಕೋಟೆ ಹಾಕೋ ಹಾಗಿಲ್ಲ. ಚುನಾವಣೆಗೆ ನಿಂತೋರು ಯಾರಿಗೂ ಏನೂ ಕೊಡಬಾರದು ಅಂತ ಕಾನೂನು. ಹೂವೂ ತರೋ ಹಾಗಿಲ್ಲ. ಊದುಬತ್ತಿ ಕೂಡ ನಿಮ್ಮದೇ ಹಚ್ತೀನಿ."

"ಹಚ್ಚು ಮಗಾ. ನಿನ್ನ ದುಡ್ಡು ಯಾರಿಗೆ ಬೇಕು?" ಅಂದಳು ಚಲೂಯ್ ಅಜ್ಜಿ.

ಅವಳು ನಮ್ಮದೇ ಊದುಬತ್ತಿ ಹಚ್ಚಿದಳು. ಆಮೇಲೆ ಮಂಟಪದ ಹಿಂದಕ್ಕೆ ಹೋದಳು. ನಾನು ಅಲ್ಲಿ ನಲ್ಲಿಯ ಹತ್ತಿರ ಬಟ್ಟಲು ತೊಳೆಯುತ್ತಾ ಕೂತಿದ್ದೆ. ಜನರ ಮುಂದೆ ಕೂರುವುದು ನನಗೆ ಆಗುವುದಿಲ್ಲ. ಅವಳು ಏನೂ ಕೇಳದೆ ಅಂಗಿಯ ತೋಳು ಮಡಚಿ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ನಾನು ಉಜ್ಜಿದೆ, ಅವಳು ಜಾಲಿಸಿದಳು. ಬಟ್ಟಲು ಬರುತ್ತಲೇ ಇದ್ದವು. ಅಂಟಿದ ಅನ್ನ, ಮೀನಿನ ಚೂರು, ಬೆಳ್ಳುಳ್ಳಿ ಎಣ್ಣೆ.

"ಅಳು ಬಂದ್ರೆ ಅಳೇ ಜಿಯಾಬ್. ನೀರಿನ ಸದ್ದಿಗೆ ಯಾರಿಗೂ ಕೇಳಲ್ಲ," ಅಂದಳು.

ನಾನು ಅತ್ತೆ. ಅವಳು ತಲೆಯೆತ್ತಲಿಲ್ಲ. ಜಾಲಿಸುತ್ತಲೇ ಇದ್ದಳು.

ನಮ್ಮಲ್ಲಿ ಮುಯ್ಯಿ ಎರಡು ತರ. ಇದ್ದವರದು ಲಕೋಟೆಯಲ್ಲಿ, ಇಲ್ಲದವರದು ಕೈಯಲ್ಲಿ. ಅಕ್ಕಿ ತೊಳೆಯುವುದು, ಪೆಟ್ಟಿಗೆ ಹೊರುವುದು, ಬಟ್ಟಲು ಉಜ್ಜುವುದು. ಎರಡಕ್ಕೂ ಮಾತು ಒಂದೇ, ಮುಯ್ಯಿ ಹಾಕುವುದು. ಪಠಣ ಮುಗಿದ ಮೇಲೆ ವಿಹಾರದ ಸಮಾನ್ ಮಾವ ಮೈಕಿನಲ್ಲಿ ಲಕೋಟೆ ಹಾಕಿದವರ ಹೆಸರನ್ನೂ ಮೊತ್ತವನ್ನೂ ಕೂಗುತ್ತಾನೆ. ಕೂಗದಿದ್ದರೆ ಮುಯ್ಯಿ ಹಾಕಿದ ಮನೆಗೆ ಅವಮಾನ, ಕೂಗಿಸದ ಸಾವಿನ ಮನೆಗೆ ಅದಕ್ಕಿಂತ ಅವಮಾನ. ಸಿಯಾ ಹುಯ್‌ನ ಹೆಸರನ್ನು ಅವನು ಎಳೆದು ಎಳೆದು ಕೂಗಿದ. ಎಲ್ಲ ಮುಗಿದಾಗ ಅಜ್ಜಿ ಎದ್ದು ನಿಂತದ್ದು ನಲ್ಲಿಯ ಹತ್ತಿರದಿಂದಲೇ ನನಗೆ ಕಂಡಿತು.

"ಸಮಾನೂ, ತೋಯ್ ಹೆಸರು ಕೂಗಲಿಲ್ವಲ್ಲ?"

"ಅವಳು ಲಕೋಟೆ ಹಾಕಿಲ್ಲ ಅಜ್ಜಿ."

"ಲಕೋಟೆ ಯಾಕೆ? ಮೊಣಕೈಗಂಟ ಹಾಕವ್ಳೆ, ಹೋಗಿ ನೋಡು. ಕೂಗು."

"ಎಷ್ಟು ಅಂತ ಕೂಗ್ಲಿ?"

"ಎಣಿಸೋಕಾಗದಷ್ಟು ಅಂತ ಕೂಗು."

ಸಮಾನ್ ಮಾವ ಅಜ್ಜಿಗೆ ಹೆದರುತ್ತಾನೆ. ಊರೇ ಹೆದರುತ್ತದೆ. ಮೈಕಿಗೆ ಬಾಯಿ ಕೊಟ್ಟು, ಕೆನ್ನೆಯುಬ್ಬಿಸಿ ಕೂಗಿದ: "ಆರೋಗ್ಯ ಕೇಂದ್ರದ ತೋಯ್, ಎಣಿಸಲಾಗದಷ್ಟು ಮುಯ್ಯಿ! ಸಾಧು, ಸಾಧು!"

ಪುಣ್ಯವನ್ನು ಒಪ್ಪಿಕೊಂಡು ಜನರೆಲ್ಲ ಸಾಧು ಅಂದರು. ತೋಯ್ ಅಕ್ಕನ ಕೈಯಿಂದ ಬಟ್ಟಲು ಜಾರಿತು. ನೀರು ಸುರಿಸುತ್ತಾ ಓಡಿದಳು. "ಅಯ್ಯೋ ಅಜ್ಜಿ, ಬೇಡ! ಮಾವ, ಅದನ್ನ ವಾಪಸ್ ತಗೊಳ್ಳಿ. ಬಟ್ಟಲು ತೊಳೆದ್ಲು ಅಂತ ಹೇಳಿ."

"ಹೇಳಿದ್ದನ್ನ ನುಂಗೋಕಾಗುತ್ತೇನಮ್ಮ? ಸಾಧು ಅಂದಾಯ್ತು," ಅಂದ ಸಮಾನ್ ಮಾವ ಮೈಕು ಆರಿಸಿ.

ದೋಣಿಕಟ್ಟೆಯನ್ನೂ ಷೆಡ್ಡನ್ನೂ ನೋಡಿಕೊಳ್ಳುವ ಮೇಸ್ತ್ರಿ ಫ್ಯಾನುಗಳ ಪಕ್ಕದಲ್ಲಿ ಕೂತಿದ್ದ, ಮೈಕಿನ ಕಡೆಗೆ ಹಿಡಿದಿದ್ದ ಫೋನನ್ನು ಅಂಗಿಯ ಜೇಬಿಗೆ ಇಳಿಸಿದ. ನಾನು ನೋಡಿದೆ. ನನಗೆ ಮಾತು ಕಡಿಮೆ, ಕಣ್ಣು ಹೆಚ್ಚು. ಆ ಫೋನು ಎಲ್ಲಿಗೆ ಹೋಗುತ್ತದೆಂದು ಅಷ್ಟು ಬೇಗ ಅರ್ಥವಾಗಲಿಲ್ಲ.

ಅಮ್ಮನ ಬೂದಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ಚುನಾವಣಾ ಕಚೇರಿಯಿಂದ ಅಜ್ಜಿಗೂ ನನಗೂ ಕರೆ ಬಂತು. ಅಜ್ಜಿ ಅಂಚಿರುವ ಒಳ್ಳೆಯ ಸುತ್ತುಪಂಚೆ ಉಟ್ಟಳು. ಸರ್ಕಾರದ ಮನೆಗೆ ಹೋಗುತ್ತಿದ್ದೇವೆಂದು ಬಾಯಿಗೆ ಅಡಿಕೆ ಹಾಕಲಿಲ್ಲ. ಅಲ್ಲಿ ಎ.ಸಿ. ಇತ್ತು. ತೆಳ್ಳಗಿನ ಒಬ್ಬ ಅಧಿಕಾರಿ, ಪಕ್ಕದಲ್ಲಿ ಟೈಪು ಮಾಡುವ ಹುಡುಗಿ. ಕುರ್ಚಿ ಎರಡಿದ್ದವು. ಅಜ್ಜಿ ನೆಲದ ಮೇಲೆ ಕಾಲು ಹಿಂದಕ್ಕೆ ಮಡಚಿ ಕೂತಳು. ನಾನೂ ಕೂತೆ. ಮೇಲೆ ಕೂರಿ ಎಂದು ಅಧಿಕಾರಿ ಹೇಳಲಿಲ್ಲ. ನಮ್ಮ ನೆತ್ತಿಗಳ ಮೇಲಿಂದ ಮಾತು ಶುರು ಮಾಡಿದ.

"ಅಜ್ಜಿ, ಅಭ್ಯರ್ಥಿ ನಿಮ್ಮ ಮಗಳ ಸಾವಿಗೆ ಮುಯ್ಯಿ ಹಾಕಿದ್ರಾ?"

"ಹಾಕಿದ್ಲಪ್ಪ. ಊರಲ್ಲಿ ಯಾರೂ ಅಷ್ಟು ಹಾಕಿಲ್ಲ." ಅಜ್ಜಿಯ ಬೆನ್ನು ನೆಟ್ಟಗಾಯಿತು. ಸರ್ಕಾರದ ಮುಂದೆ ಅವಳನ್ನು ಹೊಗಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಹೊಗಳಿದರೆ ತೋಯ್ ಗೆಲ್ಲುತ್ತಾಳೆ ಎಂದು.

ಟೈಪಿನ ಸದ್ದಾಯಿತು. ಅಧಿಕಾರಿ ಫೋನಿನಲ್ಲಿ ಸಮಾನ್ ಮಾವನ ದನಿ ಹಾಕಿದ. ಎಣಿಸಲಾಗದಷ್ಟು ಮುಯ್ಯಿ, ಸಾಧು, ಸಾಧು. ಆ ತಂಪು ಕೋಣೆಯಲ್ಲಿ ಅದು ಹಾಸ್ಯದ ಹಾಗೆ ಕೇಳಿಸಿತು. ಟೈಪಿನ ಹುಡುಗಿ ತುಟಿ ಕಚ್ಚಿಕೊಂಡಳು.

"ಎಣಿಸಲಾಗದಷ್ಟು ಅಂದ್ರೆ ಎಷ್ಟು?"

"ಎಣಿಸೋಕಾಗಲ್ಲ ಅಂತ ಅದರಲ್ಲೇ ಐತಲ್ಲ ಸ್ವಾಮಿ," ಅಂದಳು ಅಜ್ಜಿ.

ನನ್ನ ಕಿವಿ ಬಿಸಿಯಾಯಿತು. ಆದರೂ ಅಂದೆ. "ಸಾರ್... ದುಡ್ಡಲ್ಲ. ಬಟ್ಟಲು."

"ಏನು? ಜೋರಾಗಿ ಮಾತಾಡಮ್ಮ."

"ಅವರು ಬಟ್ಟಲು ತೊಳೆದ್ರು. ದುಡ್ಡು ಕೊಡ್ಲಿಲ್ಲ. ನಮ್ಮಲ್ಲಿ ಅದಕ್ಕೂ ಮುಯ್ಯಿ ಅಂತಾರೆ."

ಅವನು ಸಮಾಧಾನವಾಗಿ ತಲೆ ಆಡಿಸಿದ. ನಾನು ಬಚಾವು ಮಾಡಿದೆ ಅಂದುಕೊಂಡೆ. ಅವನು ಕಾನೂನಿನ ಪುಸ್ತಕ ತೆಗೆದು ಬೆರಳಿಟ್ಟು ಓದಿದ. ಹಣ, ವಸ್ತು, ಅಥವಾ ಹಣದಲ್ಲಿ ಲೆಕ್ಕ ಹಾಕಬಹುದಾದ ಯಾವುದೇ ಪ್ರಯೋಜನ. ಯಾವುದೇ, ಎಂದು ಎರಡು ಸಲ ಓದಿದ.

"ಬಟ್ಟಲು ತೊಳೆಯೋಕೆ ಆಳು ಇಟ್ಟಿದ್ರೆ ಕೂಲಿ ಕೊಡ್ತಿದ್ರಿ ತಾನೆ?"

ಅಜ್ಜಿಗೆ ಸಿಟ್ಟು ಬಂತು. "ಸಾವಿನ ಮನೆ ಬಟ್ಟಲಿಗೆ ಯಾರಪ್ಪ ಕೂಲಿ ಕೊಟ್ಟು ಆಳು ಇಡ್ತಾರೆ? ನಮಗೇನು ಊರಿಲ್ವಾ, ನೆಂಟರಿಲ್ವಾ? ನಾವೇನು ಬೀದಿ ನಾಯಿಗಳಾ?"

"ಇಟ್ಟಿದ್ರೆ ಅಂದೆ ಅಜ್ಜಿ. ಪೇಟೆಯ ಹೋಟೆಲಲ್ಲಿ ಒಂದು ಸಂಜೆಗೆ ಮುನ್ನೂರು ಬಾಟ್ ಕೊಡ್ತಾರೆ." ಅವನು ಹುಡುಗಿಯ ಕಡೆ ತಿರುಗಿದ. "ಮುನ್ನೂರು ಅಂತ ಹಾಕಮ್ಮ."

ಮುನ್ನೂರು. ಷೆಡ್ಡಿನಲ್ಲಿ ಅದು ನನ್ನ ಒಂದು ಇಡೀ ದಿನ. ಕತ್ತು ಮುರಿದು, ಕೈ ಬೆಂದು, ಬೆನ್ನು ಬಾಗಿ. ನಮ್ಮ ಕೈಗೆ ಅಷ್ಟು ಬೆಲೆ ಕಟ್ಟಿದವರನ್ನು ನಾನು ಆ ದಿನವೇ ಮೊದಲು ನೋಡಿದ್ದು. ಕಟ್ಟಿದ್ದು ಕೊಡುವುದಕ್ಕಲ್ಲ.

"ಫ್ಯಾನು?" ಅಂದೆ.

"ಯಾವ ಫ್ಯಾನು?"

"ಸಿಯಾ ಹುಯ್ ಕಳಿಸಿದ್ದು. ಪಟ್ಟಿ ಮೇಲೆ ತನಪತ್ ಅವರ ಮನೆತನದ ಹೆಸರಿತ್ತು."

"ಅದು ಕಂಪನಿ ಕೊಟ್ಟಿದ್ದು. ಕಂಪನಿ ಚುನಾವಣೆಗೆ ನಿಂತಿಲ್ಲ. ಮನೆತನದ ಹೆಸರೂ ನಿಂತಿಲ್ಲ."

ನನ್ನೊಳಗೆ ಏನೋ ಟಕ್ ಎಂದಿತು. ನನ್ನ ದನಿ ನನಗೇ ಬೇರೆಯವರದು ಅನಿಸಿತು. "ಹಾಗಾದ್ರೆ ಸಾರ್, ನಮ್ಮನ್ನ ಹಿಡೀರಿ. ನಾವು ದಿನಾ ಗಂಟೆ ಹೊಡೆದ್ಮೇಲೆ ಸಿಯಾ ಬುಟ್ಟಿ ತೊಳೀತೀವಿ, ಕಡಾಯಿ ತೊಳೀತೀವಿ. ಬಿಡಿಗಾಸು ಇಲ್ಲ. ಅದೂ ಪ್ರಯೋಜನವೇ ತಾನೆ? ಲೆಕ್ಕ ಹಾಕಬಹುದು ತಾನೆ? ನಮ್ಮಮ್ಮ ಸಾಯೋ ತನಕ ಅವನಿಗೆ ಲಂಚ ಕೊಟ್ಟಿದ್ದಾಳೆ. ಅದನ್ನೂ ಹಾಕಿಸಿ."

ಟೈಪು ನಿಂತಿತು. ಹುಡುಗಿ ಅಧಿಕಾರಿಯ ಮುಖ ನೋಡಿದಳು.

"ಅದು ಈ ವಿಷಯಕ್ಕೆ ಸಂಬಂಧ ಇಲ್ಲ," ಅಂದ. ಅವನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. "ಕೂಲಿ ವಿಷಯ ಕಾರ್ಮಿಕ ಕಚೇರಿ. ಎದುರು ಬೀದಿ. ಬುಧವಾರ ಬಾಗಿಲು ತೆರೆದಿರುತ್ತೆ."

ಕಾಗದ ಹೊರಗೆ ಬಂತು. ಅಜ್ಜಿಯ ಮುಂದೆ ಇಂಕಿನ ಡಬ್ಬಿ ಇಟ್ಟರು. ನಾನು "ಅಜ್ಜೀ, ತಡಿ" ಅನ್ನುವಷ್ಟರಲ್ಲಿ ಅವಳು ಹೆಬ್ಬೆಟ್ಟು ಒತ್ತಿ ಆಗಿತ್ತು. ಸರ್ಕಾರ ಕೇಳಿದಾಗ ಒತ್ತಬೇಕು ಎಂದಷ್ಟೇ ಅವಳಿಗೆ ಯಾರೋ ಕಲಿಸಿದ್ದರು. ನಾನು ನನ್ನ ಕಾಗದವನ್ನು ಓದಿದೆ. ನಿಧಾನವಾಗಿ ಓದಿದೆ, ನನಗೆ ಅಷ್ಟೇ ಬರುವುದು. ಅಭ್ಯರ್ಥಿಯು ಮೃತರ ಕುಟುಂಬಕ್ಕೆ ಪ್ರಯೋಜನ ಒದಗಿಸಿರುತ್ತಾರೆ, ಅದನ್ನು ಧ್ವನಿವರ್ಧಕದಲ್ಲಿ ಸಾರ್ವಜನಿಕವಾಗಿ ಸಾರಿಸಿರುತ್ತಾರೆ, ಎಂದಿತ್ತು. ಸಾರಿದ್ದಾರೆ ಅಲ್ಲ. ಸಾರಿಸಿದ್ದಾರೆ, ಅವಳೇ ಹೇಳಿ ಕೂಗಿಸಿದ ಹಾಗೆ.

"ಓದೋಕೆ ಬರುತ್ತಾ?" ಅಂದ ಅಧಿಕಾರಿ.

"ಬರುತ್ತೆ. ಅದಕ್ಕೇ ಸಹಿ ಹಾಕಲ್ಲ."

"ಹಾಕದಿದ್ರೂ ನಡೆಯುತ್ತೆ," ಅಂದು ಅವನು ಮೂಲೆಯಲ್ಲಿ ಏನೋ ಬರೆದುಕೊಂಡ. "ನಿಮ್ಮಜ್ಜಿ ಹಾಕಿದ್ದಾರಲ್ಲ."

ಮರುದಿನ ಷೆಡ್ಡಿನಲ್ಲಿ ನನ್ನ ಮಣೆಯ ಮೇಲೆ ಬೇರೆ ಹುಡುಗಿ ಕೂತಿದ್ದಳು. ಮೇಸ್ತ್ರಿ ನನ್ನ ಕಡೆ ನೋಡದೆಯೇ, "ಮೀನು ಕಡಿಮೆ ಬರ್ತಿದೆ, ಹೇಳಿ ಕಳಿಸ್ತೀನಿ" ಅಂದ. ಅವನ ಹಿಂದೆ ಮೀನಿನ ರಾಶಿ ಸೊಂಟದೆತ್ತರ ಇತ್ತು.

ಮತದಾನಕ್ಕೆ ನಾಲ್ಕು ದಿನ ಇದೆ ಅನ್ನುವಾಗ ತೀರ್ಪು ಬಂತು. ತೋಯ್ ಅಕ್ಕ ಅನರ್ಹ. ಚೀಟಿಗಳು ಆಗಲೇ ಅಚ್ಚಾಗಿದ್ದವು, ಅವುಗಳಲ್ಲಿ ಅವಳ ಏಳು ಹಾಗೇ ಉಳಿಯಿತು. ಏಳಕ್ಕೆ ಹಾಕಿದ ಮತ ಕೆಟ್ಟ ಮತ ಎಂದು ನೋಟೀಸು ಅಂಟಿಸಿದರು. ಅಭ್ಯರ್ಥಿಗಳ ಫಲಕದಲ್ಲಿದ್ದ ಅವಳ ಮುಖದ ಮೇಲೆ ಕೆಂಪು ಗೀಟು ಎಳೆದರು.

ಆಗ ಮಾತ್ರ ಅಜ್ಜಿಗೆ ಅರ್ಥವಾಯಿತು. ಅನ್ನ ಬಿಟ್ಟಳು. ಸಂಜೆ ನನ್ನ ಕೈ ಹಿಡಿದುಕೊಂಡು ಕಾಲುವೆಯ ಪಕ್ಕದ ತೋಯ್ ಅಕ್ಕನ ಮನೆಗೆ ನಡೆದಳು. ತೋಯ್ ಅಕ್ಕ ಜಗುಲಿಯಲ್ಲಿ ತನ್ನವೇ ಪೋಸ್ಟರುಗಳನ್ನು ಸುರುಳಿ ಸುತ್ತುತ್ತಿದ್ದಳು. ಅಜ್ಜಿ ಅವಳ ಕಾಲ ಹತ್ತಿರ ಕುಸಿದಳು. ಹಿರಿಯರು ಕಿರಿಯರ ಕಾಲಿಗೆ ಬೀಳಬಾರದು. ತೋಯ್ ಅಕ್ಕ ಬೆಂಕಿ ತಾಕಿದವಳ ಹಾಗೆ ಹಿಂದೆ ಸರಿದಳು.

"ಏಳಿ ಅಜ್ಜಿ. ನನಗೆ ಪಾಪ ಕಟ್ಟಬೇಡಿ."

"ನನ್ನ ಬಾಯಿ ಸುಡ್ಲಿ ಮಗಾ."

ಬೇರೆಯವರಾಗಿದ್ದರೆ ಪರವಾಗಿಲ್ಲ ಅನ್ನುತ್ತಿದ್ದರು. ಅವಳು ಅನ್ನಲಿಲ್ಲ. "ಯಾಕೆ ಕೂಗಿಸಿದ್ರಿ?" ಅಂತ ಚೀರಿದಳು. "ಯಾರು ಕೇಳಿದ್ರು ನಿಮ್ಮನ್ನ? ಎರಡು ವರ್ಷ ಅಜ್ಜಿ! ಕೋರ್ಟಿಗೆ ಹೆದರಲಿಲ್ಲ, ಪೊಲೀಸರಿಗೆ ಹೆದರಲಿಲ್ಲ. ಒಂದು ಕಡ್ಡಿ ಊದುಬತ್ತಿ ಕೂಡ ನನ್ನದು ಹಚ್ಚಲಿಲ್ಲ. ಕೊನೆಗೆ ಬಟ್ಟಲು! ಬಟ್ಟಲು ಅಜ್ಜಿ!" ಪೋಸ್ಟರಿನ ಸುರುಳಿಯನ್ನು ಕಾಲುವೆಗೆ ಎಸೆದಳು. ಅದು ಮುಳುಗಲಿಲ್ಲ. ನೀರಿನಲ್ಲಿ ಬಿಚ್ಚಿಕೊಂಡು ಅವಳ ಮುಖ ಆಕಾಶ ನೋಡುತ್ತಾ ತೇಲಿಕೊಂಡು ಹೋಯಿತು.

ಅಜ್ಜಿ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ತಗ್ಗಿಸಿಕೊಂಡೇ ಹೇಳಿದಳು. "ನಮ್ಮ ಜನ್ಮದಲ್ಲಿ ಯಾರಾದ್ರೂ ಬಂದು ನಮ್ಮ ಎಂಜಲು ತೊಳೆದಿದ್ದಾರಾ ಮಗಾ? ಹೆಂಗೆ ಕೂಗಿಸದೆ ಇರ್ಲಿ? ಕೂಗಿಸದಿದ್ರೆ ನಾನು ಮನುಷ್ಯಳಾ?"

ತೋಯ್ ಅಕ್ಕ ಗೋಡೆಗೆ ಒರಗಿದಳು. ನಾವು ಹೊರಡುವಾಗ ಅವಳು ಅಂದದ್ದು ಇಷ್ಟೇ. "ಇನ್ನು ನಾನು ಯಾರಿಗೂ ಯಾವುದಕ್ಕೂ ಹಾಕಿ ಅಂತ ಹೇಳೋ ಹಾಗಿಲ್ಲ. ಬಾಯಿ ಬಿಟ್ರೆ ಜೈಲು. ನೀವು ನನ್ನನ್ನ ಕೇಳಬೇಡಿ."

ನಾವು ಕೇಳಲಿಲ್ಲ.

ಮತದಾನದ ಹಿಂದಿನ ದಿನ ಮೇಸ್ತ್ರಿ ಮನೆಮನೆಗೆ ಬಂದು ಬಸ್ ಚಾರ್ಜು ಎಂದು ಲಕೋಟೆ ಕೊಟ್ಟ. ಮತಗಟ್ಟೆ ಇರುವುದು ಓಣಿಯ ತುದಿಯ ಶಾಲೆಯಲ್ಲಿ, ನಡೆದೇ ಹೋಗುವುದು. ಅದನ್ನು ಯಾವ ಅಧಿಕಾರಿಯೂ ಲೆಕ್ಕ ಹಾಕಲಿಲ್ಲ. ಸಮ್ರುಯ್ ಆ ದುಡ್ಡಿನಲ್ಲಿ ಸುಟ್ಟ ಕೋಳಿ ತಂದು ಎಲ್ಲರಿಗೂ ಹಂಚಿದಳು. "ತಿನ್ರೇ, ಬಸ್ಸು ತಣ್ಣಗಾಗುತ್ತೆ," ಅಂದಳು.

ನಾವು ಹೋದೆವು. ನಂಬರಿನ ಮುಂದಿನ ಚೌಕದಲ್ಲಿ ಪೆನ್ನಿನಿಂದ ಕತ್ತರಿಯಂಥ ಅಡ್ಡಗೀಟು ಎಳೆದು ಚೀಟಿ ಹಾಕಿದೆವು. ಸಂಜೆ ಮತಪೆಟ್ಟಿಗೆಯನ್ನು ಶಾಲೆಯ ಅಂಗಳಕ್ಕೆ ತಂದರು. ನಮ್ಮಲ್ಲಿ ಎಣಿಕೆ ಎಲ್ಲರ ಕಣ್ಣೆದುರಿಗೇ. ಹಗ್ಗದ ಆಚೆ ಜನ ನಿಲ್ಲುತ್ತಾರೆ, ಈಚೆ ಒಬ್ಬ ಮೇಷ್ಟ್ರು ಒಂದೊಂದೇ ಚೀಟಿಯನ್ನು ಎತ್ತಿ ಹಿಡಿದು ಕೂಗುತ್ತಾನೆ. ಇನ್ನೊಬ್ಬ ಹಲಗೆಯ ಮೇಲೆ ಗೀಟು ಹಾಕುತ್ತಾನೆ. ನಾನು ಯಾವಾಗಲೂ ನಿಲ್ಲುವ ಕಡೆ ನಿಂತಿದ್ದೆ, ಎಲ್ಲರ ಹಿಂದೆ.

"ಒಳ್ಳೆ ಮತ, ನಂಬರ್ ಎರಡು."

ಒಂದು ಗೀಟು.

"ಕೆಟ್ಟ ಮತ."

ಒಂದು ಗೀಟು.

"ಕೆಟ್ಟ ಮತ."

ನಮ್ಮ ಮಾತಿನಲ್ಲಿ ಕೆಟ್ಟದ್ದಕ್ಕೂ ಸಿಯಾ ಅನ್ನುತ್ತಾರೆ, ಧಣಿಗೂ ಸಿಯಾ. ರಾಗ ಮಾತ್ರ ಬೇರೆ. ಸಮ್ರುಯ್ ರಾಗ ತಪ್ಪಿಸಿ ಕೂಗಿದಳು, "ಮೇಷ್ಟ್ರೇ, ಅದು ಯಾವ ಸಿಯಾ? ನಮ್ಮ ಸಿಯಾನಾ?" ಜನ ನಕ್ಕರು. ಮೇಷ್ಟ್ರು ನಗು ತಡೆದುಕೊಂಡು ಮುಂದಿನ ಚೀಟಿ ಎತ್ತಿದ.

"ಕೆಟ್ಟ ಮತ." "ಕೆಟ್ಟ ಮತ." "ಒಳ್ಳೆ ಮತ, ನಂಬರ್ ಎರಡು." "ಕೆಟ್ಟ ಮತ."

ನಗು ಕಡಿಮೆಯಾಗುತ್ತಾ ಬಂತು. ಕೆಟ್ಟದ್ದರ ಕೆಳಗೆ ಹಲಗೆ ತುಂಬಿತು. ಗೀಟು ಹಾಕುವವನು ಇನ್ನೊಂದು ಹಾಳೆ ಅಂಟಿಸಿದ. ಅಷ್ಟು ಜನ. ಯಾರೂ ಯಾರಿಗೂ ಹೇಳಿರಲಿಲ್ಲ. ಹಗ್ಗದ ಪಕ್ಕದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನು ಪ್ರಯೋಜನ? ಎರಡನೇ ನಂಬರಿಗೆ ಮತ ಕಡಿಮೆಯಿದ್ದರೂ ಅದೇ ಗೆಲ್ಲುತ್ತದೆ, ನಮ್ಮದು ಇಲ್ಲಿ ಕಸ ಎಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಕೂಗುತ್ತಲೇ ಇದ್ದ. ಕೆಟ್ಟದ್ದು. ಕೆಟ್ಟದ್ದು. ಪ್ರತಿ ಸಲ ಯಾರೋ ಕೆನ್ನೆಗೆ ಹೊಡೆದ ಹಾಗೆ ಆಗುತ್ತಿತ್ತು.

ಆಗ ಅವನು ಎತ್ತಿದ ಚೀಟಿಯಲ್ಲಿ ಏಳರ ಮುಂದಿನ ಅಡ್ಡಗೀಟು ಚೌಕದ ಹೊರಗೂ ಚಾಚಿಕೊಂಡಿತ್ತು, ನಡುಗಿ ನಡುಗಿ ಎಳೆದದ್ದು.

"ಕೆಟ್ಟ ಮತ."

"ಯಾರೋ ಕೆಟ್ಟದ್ದು ಅನ್ನೋನು?" ಅಜ್ಜಿ ಹಗ್ಗ ಹಿಡಿದುಕೊಂಡು ಮುಂದಕ್ಕೆ ಬಂದಿದ್ದಳು. "ಅದು ನಂದು. ನಂದು ಕಣೋ ಅದು."

ಪೊಲೀಸಿನವನು ಎದ್ದ. "ಅಜ್ಜಿ, ಯಾರಿಗೆ ಹಾಕಿದ್ರಿ ಅಂತ ಇಲ್ಲಿ ಹೇಳಬಾರದು. ಅಪರಾಧ."

"ಅದು ಮತಾನೇ ಅಲ್ಲ ಅಂತ ನೀವೇ ಅಂದ್ರಲ್ಲ. ಮತ ಅಲ್ದಿದ್ಮೇಲೆ ಎಂಥ ಅಪರಾಧ?" ಅಂದಳು ಸಮ್ರುಯ್.

ಮೇಷ್ಟ್ರು ಅವಸರದಲ್ಲಿ ಮುಂದಿನದನ್ನು ಎತ್ತಿದ. "ಕೆಟ್ಟ ಮತ."

"ನಂದು," ಅಂದಳು ಸಮ್ರುಯ್.

"ಕೆಟ್ಟ ಮತ."

"ನಂದು." ಷೆಡ್ಡಿನಲ್ಲಿ ಉಪ್ಪು ಹೊರುವ ಹೆಂಗಸು.

ನಾನು ಹಿಂದಿನಿಂದ ಮುಂದಕ್ಕೆ ಬಂದಿದ್ದೆ. ಯಾವಾಗ ಬಂದೆನೋ ತಿಳಿಯದು. ಹಗ್ಗ ನನ್ನ ಹೊಟ್ಟೆಗೆ ಒತ್ತುತ್ತಿತ್ತು. ಮೇಷ್ಟ್ರು ಚೀಟಿ ಎತ್ತಿದ. ಏಳರ ಮುಂದೆ ಅಡ್ಡಗೀಟು. ಅದು ನನ್ನದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಎಲ್ಲರ ಗೀಟೂ ಒಂದೇ ತರ ಇರುತ್ತದೆ.

ಅವನು ಬಾಯಿ ತೆರೆಯುವ ಮೊದಲೇ ಅಂದೆ. "ನಂದು."

ಪೊಲೀಸಿನವನು ಪೆನ್ನು ತೆಗೆದುಕೊಂಡು ನನ್ನ ಎದುರಿಗೇ ಬಂದು ನಿಂತ. ಎಲ್ಲರಿಗಿಂತ ಸಣ್ಣವಳು, ಸುಲಭ ಅನಿಸಿರಬೇಕು.

"ಹೆಸರು?"

ಹೇಳಿದೆ.

"ಕೇಳಿಸಲಿಲ್ಲ. ಜೋರಾಗಿ."

ಜೋರಾಗಿ ಹೇಳಿದೆ. ಮನೆಯಲ್ಲಿ ಕರೆಯುವ ಹೆಸರಲ್ಲ, ಅಮ್ಮ ಇಟ್ಟ ಪೂರ್ತಿ ಹೆಸರು. ಸಿರಿರತ್, ಲಮಯ್ ಮಗಳು. ಗೀಟು ಹಾಕುತ್ತಿದ್ದವನೂ ತಿರುಗಿ ನೋಡಿದ. ಪೊಲೀಸಿನವನು ಬರೆದುಕೊಳ್ಳುತ್ತಿದ್ದಾಗ ಮೇಷ್ಟ್ರು ಇನ್ನೊಂದು ಚೀಟಿ ಎತ್ತಿದ. ಈ ಸಲ ಅವನ ದನಿ ಬಹಳ ಸಣ್ಣದಿತ್ತು.

"ಕೆಟ್ಟ ಮತ."

"ನಂದು," ಅಂದಿತು ಧ್ವಜಕಂಬದ ಕಡೆಯಿಂದ ಒಂದು ಗಂಡು ದನಿ. ಸಿಯಾ ಹುಯ್‌ನ ದೋಣಿಯವನು. ಅವನನ್ನು ನಾನು ಒಮ್ಮೆಯೂ ಮಾತಾಡಿಸಿರಲಿಲ್ಲ.

ಪೊಲೀಸಿನವನು ನನ್ನನ್ನು ಬಿಟ್ಟು ಆ ಕಡೆಗೆ ನಡೆದ.